ತೆರಿಗೆ ಇಲ್ಲ ಎಂದವರು ಯಾರು?



ದತ್ತಿ ಉಪನ್ಯಾಸಗಳು ನಡೆಯುವುದು ಬಡ್ಡಿಯ ಹಣದಲ್ಲಿ. ಅಸಲು ಬ್ಯಾಂಕಿನಲ್ಲಿ ಭದ್ರವಾಗಿ ಕೂತಿರುತ್ತದೆ, ಅದರ ಬಡ್ಡಿ ವರ್ಷಕ್ಕೊಮ್ಮೆ ನನ್ನಂಥವರನ್ನು ಮೈಕಿನ ಮುಂದೆ ತಂದು ನಿಲ್ಲಿಸುತ್ತದೆ. ಹಾಗಾಗಿ ಬಡ್ಡಿ, ಉಳಿತಾಯ, ತೆರಿಗೆಗಳ ಬಗ್ಗೆ ಈ ವೇದಿಕೆಯಲ್ಲಿ ಮಾತಾಡಲು ಸಂಕೋಚಪಡಬೇಕಾಗಿಲ್ಲ ಅಂದುಕೊಂಡಿದ್ದೇನೆ. ನಮ್ಮಲ್ಲಿ ಹೊರದೇಶಕ್ಕೆ ಹೋದವರ ಕಥೆ, ಕಾದಂಬರಿ, ಹಂಬಲಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅವರ ಪಾಸ್‌ಬುಕ್ಕಿನ ಬಗ್ಗೆ ನಡೆದದ್ದು ಕಡಿಮೆ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ 2023-24ರಲ್ಲಿ ಹೊರಗಿರುವವರು ಭಾರತಕ್ಕೆ ಕಳಿಸಿದ ಹಣ 118.7 ಬಿಲಿಯನ್ ಡಾಲರ್. ಇಷ್ಟು ದೊಡ್ಡ ಮೊತ್ತದ ಹಿಂದಿರುವ ಕಾನೂನು ಮಾತ್ರ ಹೆಚ್ಚಿನ ಮನೆಗಳಲ್ಲಿ ಒಂದೇ ವಾಕ್ಯಕ್ಕೆ ಇಳಿದಿದೆ: "ಎನ್‌ಆರ್‌ಇ ಅಕೌಂಟ್ ಅಲ್ವಾ, ಟ್ಯಾಕ್ಸ್ ಇಲ್ಲ ಬಿಡಿ."

ಬ್ಯಾಂಕಿನ ಕೌಂಟರಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ವಿಮಾನ ನಿಲ್ದಾಣದ ಬೀಳ್ಕೊಡುಗೆಯಲ್ಲಿ ಕೇಳಿಬರುವ ಈ ಮಾತು ಅರ್ಧ ನಿಜ. ಉಳಿದ ಅರ್ಧ ಯಾವುದು ಎಂದು ಬಿಡಿಸಿ ಹೇಳುವುದೇ ಇವತ್ತಿನ ನನ್ನ ಕೆಲಸ. ತೆರಿಗೆ ಇಲ್ಲ ಎನ್ನುವುದು ಒಂದು ಸರ್ಕಾರ ಕೊಟ್ಟ ಮಾತು. ಇನ್ನೊಂದು ಸರ್ಕಾರ ಆ ಮಾತಿಗೆ ಕಟ್ಟುಬಿದ್ದಿಲ್ಲ. ಕೊಟ್ಟ ಸರ್ಕಾರ ಕೂಡ ಅದನ್ನು ಎಂದೆಂದಿಗೂ ಎಂದು ಕೊಟ್ಟಿಲ್ಲ. ಆದ್ದರಿಂದ ಹೊರದೇಶದಲ್ಲಿರುವವರು ಯಾವ ಉಳಿತಾಯದ ಮುಂದೆ ನಿಂತರೂ ಎರಡು ಪ್ರಶ್ನೆ ಕೇಳಬೇಕು. ಈ ಮಾತು ಹೇಳಿದವರು ಯಾರು? ಅದು ಎಲ್ಲಿಯವರೆಗೆ ನಡೆಯುತ್ತದೆ?

ಮೊದಲು ಈ ವಿನಾಯಿತಿ ಹುಟ್ಟಿದ್ದು ಯಾಕೆ ಎಂದು ನೋಡೋಣ. ಅನಿವಾಸಿಗಳು ಹೊರಗಿನ ದುಡಿಮೆಯನ್ನು ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಖಾತೆ ಶುರುವಾದದ್ದು 1970ರಲ್ಲಿ. ವಿದೇಶಿ ಕರೆನ್ಸಿಯಲ್ಲೇ ಠೇವಣಿ ಇಡುವ ಎಫ್‌ಸಿಎನ್‌ಆರ್ ಯೋಜನೆ ಬಂದದ್ದು 1975ರಲ್ಲಿ. ಅದರ ಈಗಿನ ರೂಪ 1993ರದ್ದು. ದೇಶಕ್ಕೆ ಡಾಲರ್ ಬೇಕಿತ್ತು, ಹೊರಗಿದ್ದವರ ಕೈಯಲ್ಲಿ ಡಾಲರ್ ಇತ್ತು. ಬಡ್ಡಿಗೆ ತೆರಿಗೆ ಬಿಟ್ಟುಕೊಟ್ಟದ್ದು ಆ ಡಾಲರನ್ನು ಕರೆಯಲು. ಪೋಖ್ರಾನ್ ಅಣು ಪರೀಕ್ಷೆಯ ನಂತರ ನಿರ್ಬಂಧಗಳು ಬಿದ್ದಾಗ, 1998ರಲ್ಲಿ, ರಿಸರ್ಜೆಂಟ್ ಇಂಡಿಯಾ ಬಾಂಡ್ ಮೂಲಕ 4 ಬಿಲಿಯನ್ ಡಾಲರಿಗೂ ಹೆಚ್ಚು ಬಂತು. 2013ರಲ್ಲಿ ರೂಪಾಯಿ ಕುಸಿದಾಗ ರಘುರಾಮ್ ರಾಜನ್ ಗವರ್ನರ್ ಆಗಿದ್ದ ರಿಸರ್ವ್ ಬ್ಯಾಂಕು ಎಫ್‌ಸಿಎನ್‌ಆರ್ ಠೇವಣಿಗೆ ವಿಶೇಷ ಅವಕಾಶ ಮಾಡಿಕೊಟ್ಟು ಕೆಲವೇ ತಿಂಗಳಲ್ಲಿ 26 ಬಿಲಿಯನ್ ಡಾಲರ್‌ನಷ್ಟು ಎತ್ತಿತು. ಇದಕ್ಕೆ ಎದುರಾದ ಅನುಭವ 1991ರದ್ದು. ದೇಶದ ಖಜಾನೆ ಬರಿದಾಗುತ್ತಿದ್ದ ಹೊತ್ತಿಗೆ ಹೊರಗಿನವರ ಠೇವಣಿಯೂ ವಾಪಸು ಹರಿಯಿತು. ಅಂದರೆ ಇದು ಎರಡೂ ಕಡೆಯವರು ಲೆಕ್ಕ ಹಾಕಿ ಮಾಡಿಕೊಂಡ ವ್ಯವಹಾರ. ಇದರಲ್ಲಿ ತಪ್ಪೇನೂ ಇಲ್ಲ. ವ್ಯವಹಾರವನ್ನು ವ್ಯವಹಾರವೆಂದೇ ತಿಳಿದರೆ ಸಾಕು.

ಈಗ ಕಾನೂನಿಗೆ ಬರೋಣ. ನಮ್ಮ ಆದಾಯ ತೆರಿಗೆ ಕಾಯ್ದೆ ಕೇಳುವ ಮೊದಲ ಪ್ರಶ್ನೆ, ನೀವು ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂಬುದು. ಪಾಸ್‌ಪೋರ್ಟಿನ ಬಣ್ಣ ಆಮೇಲೆ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಕಲಮುಗಳ ಸಂಖ್ಯೆ ಬದಲಾದರೂ ವಾಸದ ಲೆಕ್ಕದ ತಿರುಳು ಹಾಗೇ ಇದೆ. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. ಅದಕ್ಕಿಂತ ಕಡಿಮೆ ದಿನದ, ಹಿಂದಿನ ವರ್ಷಗಳನ್ನೂ ಎಣಿಸುವ ಇನ್ನೊಂದು ಅಳತೆಯೂ ಇದೆ. ಕೆಲಸಕ್ಕೆಂದು ಹೊರಡುವ ಭಾರತೀಯ ಪ್ರಜೆಗೆ ಮಾತ್ರ 182 ದಿನದ್ದೊಂದೇ ಅಳತೆ. ಊರಿಗೆ ರಜೆಗೆ ಬಂದುಹೋಗುವವರಿಗೂ ಸಾಮಾನ್ಯವಾಗಿ ಅದೇ. ಆದರೆ ಇಲ್ಲಿನ ಆದಾಯ 15 ಲಕ್ಷ ರೂಪಾಯಿ ದಾಟಿದ್ದರೆ, 2020ರ ತಿದ್ದುಪಡಿಯ ನಂತರ, 120 ದಿನಕ್ಕೇ ಎಚ್ಚರಾಗಬೇಕು. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಕಳೆದಿದ್ದರೆ ಆ ಲೆಕ್ಕ ತಗುಲಿಕೊಳ್ಳುತ್ತದೆ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸಿಕೊಳ್ಳುವುದು ಕ್ಷೇಮ.

ಈ ದಿನದ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದಕ್ಕೆ ದುಬೈಗೆ ಹೊರಟ ಇಬ್ಬರನ್ನು ನೋಡಿ. ಒಬ್ಬ ಸೆಪ್ಟೆಂಬರ್ 28ರೊಳಗೆ ಮಂಗಳೂರಿನಲ್ಲಿ ವಿಮಾನ ಹತ್ತಿದ. ಆ ವರ್ಷ ಅವನು ಇಲ್ಲಿದ್ದದ್ದು ಹೆಚ್ಚೆಂದರೆ 181 ದಿನ, ಹಾಗಾಗಿ ಅನಿವಾಸಿ. ಅಲ್ಲಿ ಸಿಕ್ಕ ಸಂಬಳಕ್ಕೂ ಇಲ್ಲಿನ ತೆರಿಗೆ ಇಲಾಖೆಗೂ ಸಂಬಂಧವಿಲ್ಲ. ಇನ್ನೊಬ್ಬ ದಸರಾ ಮುಗಿಸಿಕೊಂಡು ಹೋಗೋಣವೆಂದು ಅಕ್ಟೋಬರ್ ನಡುವಿನಲ್ಲಿ ಹೊರಟ. ಅವನು ಆ ವರ್ಷಕ್ಕೆ ನಿವಾಸಿ. ಮಾರ್ಚ್ ಕೊನೆಯವರೆಗಿನ ದುಬೈ ಸಂಬಳವನ್ನೂ ಅವನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಕಂಪನಿ ಒಂದೇ, ಹುದ್ದೆ ಒಂದೇ, ತೆರಿಗೆ ಬೇರೆ.

ಇನ್ನೊಂದು ಗೊಂದಲ ಇಲ್ಲೇ ಇದೆ. ವಿದೇಶಿ ವಿನಿಮಯದ 1999ರ ಫೆಮಾ ಕಾಯ್ದೆ ಬೇರೆ ಥರ ಯೋಚಿಸುತ್ತದೆ. ನೀವು ಯಾಕೆ ಹೋದಿರಿ ಎಂದು ಅದು ಕೇಳುತ್ತದೆ. ಉದ್ಯೋಗಕ್ಕೆಂದು ಗಡಿ ದಾಟಿದವನು ಅದರ ಕಣ್ಣಿಗೆ ಅಂದಿನಿಂದಲೇ ಅನಿವಾಸಿ, ತೆರಿಗೆ ಕಾಯ್ದೆ ಇನ್ನೂ ಅವನನ್ನು ನಿವಾಸಿ ಎನ್ನುತ್ತಿದ್ದರೂ ಸರಿ. ಊರಿನ ಬ್ಯಾಂಕಿನಲ್ಲಿರುವ ಮಾಮೂಲಿ ಉಳಿತಾಯ ಖಾತೆಯನ್ನು ಅವನು, ಇಲ್ಲಿ ಹುಟ್ಟಿದ ಆದಾಯ ಇಡಲೆಂದೇ ಇರುವ ಎನ್‌ಆರ್‌ಓ ಖಾತೆಯಾಗಿ ಮಾಡಿಸಬೇಕು. ವರ್ಷಗಟ್ಟಲೆ ಹಳೆಯ ಖಾತೆಯಲ್ಲೇ ವ್ಯವಹರಿಸುತ್ತ ಹೋಗುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಫೆಮಾದ ಇನ್ನೊಂದು ಕಟ್ಟು ಮಲೆನಾಡು, ಕರಾವಳಿಯವರಿಗೆ ಮುಖ್ಯ. ಅನಿವಾಸಿಯಾದವನು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಎಂಬ ಮಾತು ಹಬ್ಬಿತು. ಅದು ರಾಜ್ಯದ ಕಾನೂನು. ಕೇಂದ್ರದ ಫೆಮಾ ಅದರಿಂದ ಸಡಿಲವಾಗಿಲ್ಲ.

ಇನ್ನು ಭಾರತದೊಳಗಿನ ಆದಾಯ. ಅನಿವಾಸಿಯ ವಿದೇಶಿ ಸಂಬಳವನ್ನು ನಮ್ಮ ಕಾಯ್ದೆ ಮುಟ್ಟುವುದಿಲ್ಲ, ಇಲ್ಲಿ ಹುಟ್ಟಿದ ಆದಾಯವನ್ನು ಬಿಡುವುದೂ ಇಲ್ಲ. ಬಾಡಿಗೆಯ ಉದಾಹರಣೆ ಹಿಡಿದು ಲೆಕ್ಕ ಹಾಕೋಣ. ಬೆಂಗಳೂರಿನ ಒಂದು ಫ್ಲ್ಯಾಟು, ತಿಂಗಳಿಗೆ 50,000 ರೂಪಾಯಿ ಬಾಡಿಗೆ, ವರ್ಷಕ್ಕೆ 6 ಲಕ್ಷ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರ ಸೆಸ್ ಸೇರಿ ಶೇಕಡ 31.2ರಷ್ಟು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಅಂದರೆ ವರ್ಷಕ್ಕೆ 1,87,200 ರೂಪಾಯಿ. ನಿಜವಾದ ತೆರಿಗೆ ಎಷ್ಟು? ಬಾಡಿಗೆಯಲ್ಲಿ ಶೇಕಡ 30 ರಿಪೇರಿ ಇತ್ಯಾದಿಗೆಂದು ಕಳೆದರೆ 4.2 ಲಕ್ಷ ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಮಿಕ್ಕ 20,000ಕ್ಕೆ ಶೇಕಡ 5, ಮೇಲೆ ಸೆಸ್, ಒಟ್ಟು 1,040 ರೂಪಾಯಿ. ಬೇರೆ ಆದಾಯ ಇಲ್ಲದಿದ್ದರೆ ಉಳಿದ 1,86,160 ರೂಪಾಯಿ ಅವನದೇ. ಆದರೆ ರಿಟರ್ನ್ ಸಲ್ಲಿಸಿ ಕೇಳಿದರೆ ಮಾತ್ರ ಬರುತ್ತದೆ. "ಹೇಗೂ ಟಿಡಿಎಸ್ ಆಗಿದೆಯಲ್ಲ, ರಿಟರ್ನ್ ಯಾಕೆ" ಎನ್ನುವವನು ತನ್ನ ದುಡ್ಡನ್ನು ಬಿಟ್ಟುಕೊಟ್ಟ ಹಾಗೆ. 2025ರ ಬಜೆಟ್ಟಿನ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಘೋಷಣೆಯನ್ನೂ ಇಲ್ಲೇ ನೆನೆಯಬೇಕು. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಈ ಲೆಕ್ಕದಲ್ಲಿ ಅದೇ ಫ್ಲ್ಯಾಟಿನ ನಿವಾಸಿ ಮಾಲೀಕ ಸೊನ್ನೆ ಕಟ್ಟುತ್ತಾನೆ, ಅನಿವಾಸಿ ಮಾಲೀಕ 1,040 ಕಟ್ಟುತ್ತಾನೆ.

ಸೈಟು ಮಾರುವಾಗ ಇದೇ ಕಥೆ ದೊಡ್ಡ ಅಂಕಿಗಳಲ್ಲಿ ನಡೆಯುತ್ತದೆ. 40 ಲಕ್ಷಕ್ಕೆ ಕೊಂಡ ಮೈಸೂರಿನ ಸೈಟನ್ನು ಹಲವು ವರ್ಷಗಳ ನಂತರ 1 ಕೋಟಿಗೆ ಮಾರಿದರೆ ಲಾಭ 60 ಲಕ್ಷ. ಶೇಕಡ 12.5ರ ದರದಲ್ಲಿ, ಸರ್‌ಚಾರ್ಜು ಸೆಸ್ಸು ಬಿಟ್ಟು, ತೆರಿಗೆ 7.5 ಲಕ್ಷ. ಕೊಳ್ಳುವವರು ಸಾಮಾನ್ಯವಾಗಿ ಇಡೀ 1 ಕೋಟಿಯ ಮೇಲೆ ಮುರಿದುಕೊಳ್ಳುತ್ತಾರೆ, ಅದು 12.5 ಲಕ್ಷ. ಮಾರಾಟಕ್ಕೆ ಮೊದಲೇ ತೆರಿಗೆ ಅಧಿಕಾರಿಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆದರೆ ಈ ತಾಪತ್ರಯ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಹಣದುಬ್ಬರದ ಲೆಕ್ಕ ಹಾಕಿ ಶೇಕಡ 20 ಕಟ್ಟುವ ಹಳೆಯ ದಾರಿಯನ್ನು ನಿವಾಸಿಗಳಿಗೆ ಉಳಿಸಿದರು, ಅನಿವಾಸಿಗಳಿಗೆ ಮುಚ್ಚಿದರು. ಮಾರಿದ ಹಣ ಎನ್‌ಆರ್‌ಓ ಖಾತೆಗೆ ಬರುತ್ತದೆ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರಿನವರೆಗೆ, ತೆರಿಗೆ ಕಟ್ಟಿದ ದಾಖಲೆಯೊಂದಿಗೆ, ಹೊರಗೆ ಒಯ್ಯಬಹುದು.

ಇಲ್ಲಿಯವರೆಗೆ ಹೇಳಿದ್ದು ಒಂದು ಸರ್ಕಾರದ ಮಾತು. ಎರಡನೇ ಸರ್ಕಾರದ ಮುಂದೆ ಇಟ್ಟಾಗ ಈ ಮಾತು ಏನಾಗುತ್ತದೆ? ಅಮೆರಿಕದಲ್ಲಿ ಗ್ರೀನ್ ಕಾರ್ಡಿನವರು ಮಾತ್ರವಲ್ಲ, ಎಚ್-1ಬಿ ವೀಸಾದಲ್ಲಿ ಅಲ್ಲಿ ನೆಲೆಸಿರುವವರೂ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ಆ ದೇಶದ ನಿವಾಸಿಗಳೇ. ಅವರ ಜಗತ್ತಿನೆಲ್ಲೆಡೆಯ ಆದಾಯಕ್ಕೆ ಆ ದೇಶ ತೆರಿಗೆ ಹಾಕುತ್ತದೆ. ನಮ್ಮೂರಿನ ಎನ್‌ಆರ್‌ಇ ಬಡ್ಡಿಗೂ ಕೂಡ.

10 ಲಕ್ಷದ ಠೇವಣಿ, ಶೇಕಡ 7ರ ಬಡ್ಡಿ, ವರ್ಷಕ್ಕೆ 70,000 ರೂಪಾಯಿ ಎಂದಿಟ್ಟುಕೊಳ್ಳಿ. ಎನ್‌ಆರ್‌ಇ ಖಾತೆಯಲ್ಲಿದ್ದರೆ ಭಾರತದಲ್ಲಿ ತೆರಿಗೆ ಇಲ್ಲ. ಅಮೆರಿಕದಲ್ಲಿ ಶೇಕಡ 24ರ ಹಂತದಲ್ಲಿರುವವರು ಅಲ್ಲಿ 16,800 ರೂಪಾಯಿಯಷ್ಟು ಕಟ್ಟಬೇಕು. ಅದೇ ಹಣ ಎನ್‌ಆರ್‌ಓ ಖಾತೆಯಲ್ಲಿದ್ದು, ಎರಡು ದೇಶಗಳ ನಡುವಿನ ಒಪ್ಪಂದದ ಶೇಕಡ 15ರ ದರ ಕೇಳಿ ಪಡೆದರೆ, ಭಾರತಕ್ಕೆ 10,500 ಹೋಗುತ್ತದೆ. ಅಮೆರಿಕ ಅದನ್ನು ಜಮಾ ಹಿಡಿದು ಉಳಿದ 6,300 ಕೇಳುತ್ತದೆ. ಕೂಡಿಸಿ ನೋಡಿ, ಮತ್ತೆ 16,800! ಭಾರತ ಬಿಟ್ಟುಕೊಟ್ಟ ತೆರಿಗೆ ಠೇವಣಿದಾರನ ಕೈಗೆ ಬರಲೇ ಇಲ್ಲ, ವಾಷಿಂಗ್ಟನ್ನಿನ ಖಜಾನೆಗೆ ಹೋಯಿತು. ಕ್ಯಾಲಿಫೋರ್ನಿಯದಂಥ ರಾಜ್ಯಗಳ ತೆರಿಗೆ ಇದರ ಮೇಲೆ ಬೇರೆ. ಒಪ್ಪಂದದ ದರ ಬೇಕಾದರೆ ಅಲ್ಲಿನ ತೆರಿಗೆ ನಿವಾಸದ ಪ್ರಮಾಣಪತ್ರ ತಂದು, ಫಾರಂ ತುಂಬಿ ಬ್ಯಾಂಕಿಗೆ ಕೊಡಬೇಕು. ಕೊಡದಿದ್ದರೆ ಬ್ಯಾಂಕು ಶೇಕಡ 31.2 ಮುರಿಯುತ್ತದೆ. ಹೆಚ್ಚುವರಿಯನ್ನು ಅಮೆರಿಕ ಜಮಾ ಹಿಡಿಯುವುದಿಲ್ಲ, ಭಾರತದಲ್ಲೇ ರಿಟರ್ನ್ ಹಾಕಿ ವಾಪಸು ಪಡೆಯಬೇಕು. ಎನ್‌ಆರ್‌ಇ ಖಾತೆಯ ಗುಣ ಬೇರೆ ಕಡೆ ಇದೆ. ಅಸಲು ಬಡ್ಡಿ ಎರಡನ್ನೂ ಮಿತಿಯಿಲ್ಲದೆ ಹೊರಗೆ ಒಯ್ಯಬಹುದು. ಅದಕ್ಕಾಗಿ ಇಡುವುದಾದರೆ ಇಡಲಿ.

ಅಡಕೆ ತೋಟದ ಲೆಕ್ಕ ಇನ್ನೂ ವಿಚಿತ್ರ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದನ್ನು ನಾವು ಪ್ರಕೃತಿ ನಿಯಮದಂತೆ ನಂಬಿದ್ದೇವೆ. ಶಿರಸಿಯ ತೋಟ ಟೆಕ್ಸಸ್‌ನಲ್ಲಿರುವ ಮಗನ ಹೆಸರಿಗೆ ಬಂದರೆ, ಖರ್ಚು ಕಳೆದು ಉಳಿದ ಅಡಕೆಯ ದುಡ್ಡನ್ನು ಅವನು ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಭಾರತ ತೆರಿಗೆ ಹಾಕಿಲ್ಲವಾದ್ದರಿಂದ ಜಮಾ ಹಿಡಿಯಲು ಏನೂ ಇಲ್ಲ, ಪೂರ್ತಿ ಅಲ್ಲೇ ಕಟ್ಟಬೇಕು. ಮ್ಯೂಚುವಲ್ ಫಂಡಿನದು ಎಲ್ಲಕ್ಕಿಂತ ಕಠಿಣ. ಹೊರದೇಶದ ಫಂಡುಗಳನ್ನು ಅಮೆರಿಕದ ಕಾನೂನು ಪಿಎಫ್‌ಐಸಿ ಎಂಬ ಪ್ರತ್ಯೇಕ ಗುಂಪಿಗೆ ಸೇರಿಸುತ್ತದೆ. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ ಹಿಂದಿನ ವರ್ಷಗಳಿಗೆ ಹಂಚಿದ ಲಾಭದ ಮೇಲೆ ಅತಿ ಹೆಚ್ಚಿನ ದರ, ಮೇಲೆ ಬಡ್ಡಿ. ತಿಂಗಳಿಗೆ 5,000 ರೂಪಾಯಿಯ ಎಸ್‌ಐಪಿಗೆ ಅಲ್ಲಿನ ಲೆಕ್ಕಿಗರಿಗೆ ಕೊಡುವ ಶುಲ್ಕವೇ ಭಾರವಾಗಬಹುದು.

ಅಮೆರಿಕದ ಕೈ ಅಲ್ಲಿ ನೆಲೆಸಿದವರಿಗಷ್ಟೇ ನಿಲ್ಲುವುದಿಲ್ಲ. ಪ್ರಜೆ ಎಲ್ಲಿದ್ದರೂ ತೆರಿಗೆ ಕಟ್ಟಬೇಕು ಎನ್ನುವ ದೇಶಗಳು ತೀರ ಕಡಿಮೆ. ಅಮೆರಿಕ ಒಂದು, ಎರಿಟ್ರಿಯ ಇನ್ನೊಂದು. ಅಮೆರಿಕದಲ್ಲಿ ಇದರ ಬೇರು ಅಂತರ್ಯುದ್ಧದ ಕಾಲದಲ್ಲಿದೆ. 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕುಕ್ ವಿರುದ್ಧ ಟೇಟ್ ಮೊಕದ್ದಮೆಯಲ್ಲಿ ಇದನ್ನು ಎತ್ತಿಹಿಡಿಯಿತು. ನ್ಯೂಯಾರ್ಕಿನಲ್ಲಿ ಹುಟ್ಟಿ ಎಳವೆಯಲ್ಲೇ ಅಲ್ಲಿಂದ ಹೊರಟ ಬೋರಿಸ್ ಜಾನ್ಸನ್, ಲಂಡನ್ನಿನ ಮೇಯರ್ ಆಗಿದ್ದಾಗ, ಲಂಡನ್ನಿನಲ್ಲೇ ಮಾರಿದ ಮನೆಯ ಲಾಭಕ್ಕೆ ಅಮೆರಿಕದ ತೆರಿಗೆ ಕಟ್ಟಬೇಕಾಯಿತು. ಮೊದಲು ಪ್ರತಿಭಟಿಸಿದರು, 2015ರ ಹೊತ್ತಿಗೆ ಲೆಕ್ಕ ಚುಕ್ತಾ ಮಾಡಿದರು, ಆಮೇಲೆ ಆ ಪೌರತ್ವವನ್ನೇ ಬಿಟ್ಟರು.

ಇದು ದೂರದವರ ಸುದ್ದಿಯಲ್ಲ. ಅಮೆರಿಕದಲ್ಲಿ ಕೆಲವು ವರ್ಷ ದುಡಿದು ಬೆಂಗಳೂರಿಗೆ ಮರಳಿದವರ ಮಕ್ಕಳಲ್ಲಿ ಅಲ್ಲೇ ಹುಟ್ಟಿದವರು ಅಮೆರಿಕದ ಪ್ರಜೆಗಳು. ಅವರು ಜಯನಗರದಲ್ಲಿ ಬೆಳೆದು, ಇಲ್ಲೇ ಓದಿ, ವೈಟ್‌ಫೀಲ್ಡಿನಲ್ಲಿ ಕೆಲಸಕ್ಕೆ ಸೇರಿದರೂ ವರ್ಷ ವರ್ಷ ಅಮೆರಿಕಕ್ಕೆ ಲೆಕ್ಕ ಒಪ್ಪಿಸುವ ಹೊಣೆ ತಪ್ಪುವುದಿಲ್ಲ. ಹೊರದೇಶದ ದುಡಿಮೆಯಲ್ಲಿ 2025ಕ್ಕೆ 1,30,000 ಡಾಲರಿನವರೆಗೆ ವಿನಾಯಿತಿ ಇದೆ, ಇಲ್ಲಿ ಕಟ್ಟಿದ ತೆರಿಗೆಗೆ ಜಮಾ ಇದೆ. ಹೀಗಾಗಿ ಹೆಚ್ಚಿನವರಿಗೆ ಕಟ್ಟಬೇಕಾದದ್ದು ಏನೂ ಇರುವುದಿಲ್ಲ. ಫಾರಂ ತುಂಬುವ ಕೆಲಸ ಮಾತ್ರ ಇರುತ್ತದೆ, ತುಂಬದಿದ್ದರೆ ದಂಡ ದೊಡ್ಡದು. ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಬೇರೆಯದೇ ವರದಿ ಕೊಡಬೇಕು. ಅಜ್ಜ ಪ್ರೀತಿಯಿಂದ ಮೊಮ್ಮಗಳ ಹೆಸರಿನಲ್ಲಿ ಇಟ್ಟ ಫಿಕ್ಸೆಡ್ ಡೆಪಾಸಿಟ್ಟೂ ಅದರೊಳಗೆ ಬರುತ್ತದೆ. ಗೊತ್ತಾಗುವುದಿಲ್ಲ ಎಂಬ ಧೈರ್ಯಕ್ಕೆ ಈಗ ಆಧಾರವಿಲ್ಲ. ಹೊರದೇಶದ ಖಾತೆಗಳ ಮಾಹಿತಿ ಕೇಳುವ ಅಮೆರಿಕದ ಫಾಟ್ಕಾ ಕಾಯ್ದೆಯಡಿ 2015ರಲ್ಲಿ ಭಾರತ ಮತ್ತು ಅಮೆರಿಕ ಸಹಿ ಹಾಕಿದ ಒಪ್ಪಂದದಂತೆ ನಮ್ಮ ಬ್ಯಾಂಕುಗಳ ಮಾಹಿತಿ ಅಲ್ಲಿಗೆ ಹೋಗುತ್ತದೆ.

ಗಲ್ಫಿನ ಚಿತ್ರ ಇದರ ತಿರುವುಮುರುವು. ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಎನ್‌ಆರ್‌ಇ ಬಡ್ಡಿಗೂ ಎರಡೂ ಕಡೆ ತೆರಿಗೆ ಇಲ್ಲ. "ಟ್ಯಾಕ್ಸ್ ಇಲ್ಲ ಬಿಡಿ" ಎಂಬ ಮಾತು ಹುಟ್ಟಿದ್ದೂ ನಿಜವಾದದ್ದೂ ಅಲ್ಲೇ. 2020ರ ಫೆಬ್ರವರಿಯ ಬಜೆಟ್ಟು, ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಭಾವಿಸುವ ಪ್ರಸ್ತಾಪ ತಂದಾಗ ಗಲ್ಫಿನಲ್ಲಿ ಗಾಬರಿಯೆದ್ದಿತು. ದುಡಿಯಲು ಹೋದವರ ಸಂಬಳಕ್ಕೆ ಕೈಹಾಕುವ ಉದ್ದೇಶವಿಲ್ಲ ಎಂದು ಸರ್ಕಾರ ಮರುದಿನವೇ ಸ್ಪಷ್ಟನೆ ಕೊಟ್ಟಿತು. ಕೊನೆಗೆ ಬಂದ ಕಾನೂನು ಭಾರತದೊಳಗಿನ ಆದಾಯ 15 ಲಕ್ಷ ಮೀರಿದವರಿಗಷ್ಟೇ ಅನ್ವಯ. ಅವರ ವಿದೇಶಿ ಸಂಬಳವೂ ಅದರಿಂದ ಹೊರಗೇ ಉಳಿದಿದೆ.

ಆದರೆ ತೆರಿಗೆ ಇಲ್ಲದ ಕಡೆ ಪಿಂಚಣಿಯೂ ಇಲ್ಲ. ವಲಸಿಗನಿಗೆ ಗಲ್ಫಿನಲ್ಲಿ ಸಿಗುವುದು ಸೇವಾಂತ್ಯದ ಗ್ರಾಚ್ಯುಟಿ. ಯುಎಇ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ. ಮೂಲ ವೇತನ 3,000 ದಿರ್ಹಮ್ ಇರುವವನು ಹತ್ತು ವರ್ಷ ದುಡಿದರೆ 255 ದಿನದ ವೇತನ, 25,500 ದಿರ್ಹಮ್. ಹತ್ತು ವರ್ಷದ ಬೆವರಿಗೆ ಎಂಟೂವರೆ ತಿಂಗಳ ಮೂಲ ವೇತನ! ಅವನ ಮುಪ್ಪಿನ ಕಾಲವನ್ನು ಅಲ್ಲಿನ ಸರ್ಕಾರ ನೋಡುವುದಿಲ್ಲ, ಇಲ್ಲಿನ ಪ್ರಾವಿಡೆಂಟ್ ಫಂಡ್ ಕಚೇರಿಯಲ್ಲಿ ಅವನ ಲೆಕ್ಕ ನಿಂತುಹೋಗಿರುತ್ತದೆ. ಬೇರೆ ಕಡೆ ತೆರಿಗೆಯಾಗಿ ಹೋಗುತ್ತಿದ್ದ ಪಾಲನ್ನು ಅವನು ತಾನೇ ತನಗೆ ಕಟ್ಟಿಕೊಳ್ಳಬೇಕು. ಹೊಸದಾಗಿ ಪಿಪಿಎಫ್ ತೆರೆಯಲು ಅನಿವಾಸಿಗೆ ಅವಕಾಶವಿಲ್ಲ. ರಾಷ್ಟ್ರೀಯ ಪಿಂಚಣಿ ಯೋಜನೆ, ಎನ್‌ಪಿಎಸ್, ಅವನಿಗೂ ತೆರೆದಿದೆ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ ದಿನಗೂಲಿಯವರಿಂದಲೂ ಪುಡಿಗಾಸು ಕೂಡಿಸಿದ ಕರಾವಳಿ ಇದು. ಆದರೂ ಇಲ್ಲಿಂದ ಹೋಗಿ, ಗಲ್ಫಿನಿಂದ ಕಳಿಸಿದ ಹಣವೆಲ್ಲ ಮನೆಯ ತಾರಸಿಗೆ, ತಂಗಿಯ ಮದುವೆಗೆ ಮುಗಿದು, ಐವತ್ತೈದಕ್ಕೆ ಬರಿಗೈಯಲ್ಲಿ ಮರಳಿದವರು ಎಲ್ಲ ಊರಿನಲ್ಲೂ ಇದ್ದಾರೆ. ಅಣ್ಣನ ಖಾತೆಗೆ ಕಳಿಸಿದ ಹಣ ಅಣ್ಣನದೇ ಆಯಿತು ಎಂಬ ವ್ಯಾಜ್ಯಗಳೂ ಇವೆ. ಹತ್ತಿರದ ಸಂಬಂಧಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ನಿಜ. ಕೊಟ್ಟ ಮೇಲೆ ಹಕ್ಕೂ ಇಲ್ಲ.

ಅಮೆರಿಕದಲ್ಲಿ ಪಿಂಚಣಿ ಇದೆ, ಅದಕ್ಕೆ ಬಾಗಿಲು ಕಿರಿದು. ಸೋಷಿಯಲ್ ಸೆಕ್ಯುರಿಟಿಗೆ ನೌಕರ ಸಂಬಳದ ಶೇಕಡ 6.2 ಕೊಡುತ್ತಾನೆ, ಕಂಪನಿಯೂ ಅಷ್ಟೇ ಕೊಡುತ್ತದೆ. ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ಅಂಕ ತುಂಬದಿದ್ದರೆ ಪಿಂಚಣಿ ಬರುವುದಿಲ್ಲ. ಎಚ್-1ಬಿಯ ಮಾಮೂಲಿ ಅವಧಿ ಆರು ವರ್ಷ. ಅಷ್ಟಕ್ಕೇ ಮರಳಿದವರು ಕಟ್ಟಿದ್ದೆಲ್ಲ ಅಲ್ಲೇ ಉಳಿಯಿತು. ಬೆಲ್ಜಿಯಂ, ಜರ್ಮನಿ, ಜಪಾನ್, ಕೆನಡಾ, ಆಸ್ಟ್ರೇಲಿಯ ಮುಂತಾದ ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡಿದೆ, ಅಮೆರಿಕದೊಂದಿಗೆ ಅಂಥದ್ದಿಲ್ಲ. ನಮ್ಮ ಸಾಫ್ಟ್‌ವೇರ್ ಕಂಪನಿಗಳು ದಶಕಗಳಿಂದ ಈ ಬೇಡಿಕೆ ಮುಂದಿಡುತ್ತ ಬಂದಿವೆ.

ಕೊನೆಯದಾಗಿ, ಮರಳಿ ಬರುವ ಕಾಲ. ಬಹುಕಾಲ ಹೊರಗಿದ್ದು ಬಂದವರಿಗೆ ಎರಡು ಮೂರು ವರ್ಷ ನಡುವಿನ ಸ್ಥಿತಿಯೊಂದಿದೆ. ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ ಏಳು ವರ್ಷಗಳಲ್ಲಿ 729 ದಿನ ಮೀರದಂತೆ ಇಲ್ಲಿದ್ದವರು ಇದಕ್ಕೆ ಅರ್ಹರು. ಆ ಅವಧಿಯಲ್ಲಿ ಹೊರಗಿನ ಬಡ್ಡಿ, ಬಾಡಿಗೆ, ಷೇರಿನ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ. ಹೊರಗಿನ ಆಸ್ತಿಯಲ್ಲಿ ಮಾರುವುದು, ಇಟ್ಟುಕೊಳ್ಳುವುದು ಯಾವುದು ಎಂದು ತೀರ್ಮಾನಿಸಲು ಅದೇ ಸಮಯ. ಎನ್‌ಆರ್‌ಇ ಬಡ್ಡಿಯ ವಿನಾಯಿತಿ ಮಾತ್ರ, ನೆಲೆಸಲೆಂದು ಬಂದ ದಿನದಿಂದಲೇ ಮುಗಿಯುತ್ತದೆ. ಆಮೇಲೆ ಅಮೆರಿಕ, ಬ್ರಿಟನ್, ಕೆನಡಾಗಳ ನಿವೃತ್ತಿ ಖಾತೆಗೆ ಹಣ ತೆಗೆದಾಗಲೇ ತೆರಿಗೆ ಕಟ್ಟುವ ಅನುಕೂಲವನ್ನು 2021ರ ಕಾನೂನು ಕೊಟ್ಟಿದೆ. ಅದಕ್ಕೂ ಫಾರಂ ಹಾಕಿ ಕೇಳಬೇಕು. ಪೂರ್ಣ ನಿವಾಸಿಯಾದ ಮೇಲೆ ಹೊರಗಿನ ಪ್ರತಿ ಖಾತೆಯನ್ನೂ ರಿಟರ್ನ್‌ನಲ್ಲಿ ಕಾಣಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸ್ಥಿರಾಸ್ತಿ ಬಿಟ್ಟು ಉಳಿದದ್ದು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರಿನಿಂದ ಈ ದಂಡದಿಂದ ಬಿಡುಗಡೆ ಸಿಕ್ಕಿದೆ.

ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಬಾಡಿಗೆಯ ಲೆಕ್ಕದಲ್ಲಿ ಕಂಡಂತೆ ಕಾನೂನು ಗೊತ್ತಿದ್ದವನಿಗೆ ಬರಬೇಕಾದದ್ದೇ ಹೆಚ್ಚು. ತೆರಿಗೆ ಉಳಿಸುವುದನ್ನೇ ಉಳಿತಾಯ ಎಂದುಕೊಂಡವರು ಮೋಸ ಹೋಗುತ್ತಾರೆ, ಯಾಕೆಂದರೆ ಉಳಿಸಿದ ತೆರಿಗೆ ಬೇರೊಂದು ಖಜಾನೆಗೆ ಸೇರಿರಬಹುದು ಅಥವಾ ಮುಪ್ಪಿಗೆಂದು ಇಡಬೇಕಿದ್ದ ಹಣ ಖರ್ಚಾಗಿ ಹೋಗಿರಬಹುದು. ಪಾಸ್‌ಪೋರ್ಟು, ವೀಸಾ, ಲಸಿಕೆ, ಉಪ್ಪಿನಕಾಯಿ ಎಲ್ಲಕ್ಕೂ ಪಟ್ಟಿ ಮಾಡುವ ನಾವು ಖಾತೆ, ದಿನದ ಲೆಕ್ಕ, ಪಿಂಚಣಿ, ಉಯಿಲು ಇವುಗಳಿಗೂ ಒಂದು ಪಟ್ಟಿ ಮಾಡಬೇಕು. ಆ ಪಟ್ಟಿ ಕನ್ನಡದಲ್ಲಿರಬೇಕು. ಫಾರಂಗೆ ಸಹಿ ಹಾಕುವ ಮಗ ದೋಹಾದಲ್ಲಿದ್ದರೂ ಬ್ಯಾಂಕಿಗೆ ಅಲೆಯುವ ತಾಯಿ ಕುಂದಾಪುರದಲ್ಲಿರುತ್ತಾಳೆ. ಪ್ರತಿವರ್ಷ ನೂರಾರು ಮಕ್ಕಳನ್ನು ಹೊರದೇಶಕ್ಕೆ ಅಣಿಗೊಳಿಸುವ ಕಾಲೇಜುಗಳು, ಅವರ ಠೇವಣಿಯಿಂದ ಬೆಳೆದ ಬ್ಯಾಂಕುಗಳು ಇದನ್ನು ತಮ್ಮ ಹೊಣೆಯೆಂದು ತಿಳಿದರೆ ಈ ದತ್ತಿಯ ಬಡ್ಡಿಗೆ ಸಾರ್ಥಕವಾದ ಖರ್ಚು ಸಿಕ್ಕಂತೆ.